ನೆರವೂ ಒಂದು ಕಸುಬು

ಕನ್ನಡದಲ್ಲಿ ‘ಸೇವೆ’ ಎಂಬ ಮಾತಿಗೆ ಗುಡಿಯ ಅಂಗಳದ ವಾಸನೆ ಇದೆ. ಹೂವಿನ ಸೇವೆ, ಉರುಳು ಸೇವೆ, ಪಲ್ಲಕ್ಕಿ ಸೇವೆ ಎನ್ನುತ್ತೇವೆ. ಅಲ್ಲಿಂದ ಮುಂದೆ ಗುರುಸೇವೆ, ಸಮಾಜಸೇವೆ, ದೇಶಸೇವೆ. ಸೇವೆ ಮಾಡಿದವರು ಪ್ರತಿಫಲ ಕೇಳಬಾರದು, ಕೇಳಿದರೆ ಪುಣ್ಯ ಕರಗಿಹೋಗುತ್ತದೆ ಎಂಬ ಭಾವನೆ ಆ ಮಾತಿನ ಬೆನ್ನಿಗೇ ಅಂಟಿಕೊಂಡಿದೆ. ಇನ್ನೊಂದು ಭಾವನೆಯೂ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಸೇವೆಗೆ ಮನಸ್ಸಿದ್ದರೆ ಸಾಕು, ಅದರಲ್ಲಿ ಕಲಿಯುವಂಥದ್ದು ಏನಿದೆ? ಇವತ್ತು ನಾನು ಮಾತಾಡಲು ಹೊರಟಿರುವುದು ಅಮೆರಿಕದ ಕಮ್ಯುನಿಟಿ ಕಾಲೇಜುಗಳಲ್ಲಿ ಎರಡು ವರ್ಷ ಕಲಿಸುವ ‘ಹ್ಯೂಮನ್ ಸರ್ವಿಸಸ್’ ಎಂಬ ಓದಿನ ಬಗ್ಗೆ. ಅದನ್ನು ‘ಮಾನವ ಸೇವೆ’ ಎಂದು ಕನ್ನಡಕ್ಕೆ ತಂದ ಕೂಡಲೇ ಅದಕ್ಕೊಂದು ಕಾವಿ ಬಟ್ಟೆ ತೊಡಿಸಿದಂತಾಗುತ್ತದೆ. ಅಲ್ಲಿನವರ ಕಿವಿಗೆ ಆ ಹೆಸರು ಅಷ್ಟೇನೂ ಪವಿತ್ರವಾಗಿ ಕೇಳಿಸುವುದಿಲ್ಲ. ನೀರು ಸರಬರಾಜು, ಬಸ್ ಸಾರಿಗೆ ಎಂದ ಹಾಗೆ ಅದೂ ಒಂದು ಸೌಕರ್ಯದ ಹೆಸರು. ಆದ್ದರಿಂದ ನಾನು ಅದನ್ನು ನೆರವಿನ ಕಸುಬು ಎಂದೇ ಕರೆಯುತ್ತೇನೆ. ಕಸುಬು ಎಂದಾಗ ಎರಡು ಸಂಗತಿ ಒಟ್ಟಿಗೇ ಬರುತ್ತವೆ: ಒಬ್ಬರ ಕೈಕೆಳಗೆ ಕಲಿಯಬೇಕು, ಕಲಿತು ಮಾಡಿದ್ದಕ್ಕೆ ಕೂಲಿ ಸಿಗಬೇಕು. ಮೊದಲನೆಯದನ್ನು ಅಮೆರಿಕದ ಈ ಕಾಲೇಜುಗಳು ಸಾಧಿಸಿ ತೋರಿಸಿವೆ, ಎರಡನೆಯದರಲ್ಲಿ ಆ ದೇಶ ಎಡವಿದೆ ಎಂಬುದು ನನ್ನ ವಾದ.

ಈ ಕಸುಬುದಾರರು ಯಾರು ಎಂದು ಮೊದಲು ನೋಡೋಣ. ಇವರು ವೈದ್ಯರಲ್ಲ, ಮನಶ್ಶಾಸ್ತ್ರಜ್ಞರಲ್ಲ, ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮಾಡಿ ಪರವಾನಗಿ ಪಡೆದವರೂ ಅಲ್ಲ. ಜೈಲಿನಿಂದ ಬಿಡುಗಡೆಯಾದವನು ಮೊದಲ ರಾತ್ರಿ ಎಲ್ಲಿ ಮಲಗುತ್ತಾನೆ ಎಂದು ವಿಚಾರಿಸುವವರು. ಗಂಡನ ಹೊಡೆತ ತಾಳಲಾರದೆ ಮಕ್ಕಳನ್ನು ಕಟ್ಟಿಕೊಂಡು ನಡುರಾತ್ರಿ ಬಂದವಳಿಗೆ ಆಶ್ರಯಧಾಮದ ಬಾಗಿಲು ತೆಗೆಯುವವರು. ಕುಡಿತ ಬಿಡಲು ಬಂದವನಿಗೆ ಹಾಸಿಗೆ ಖಾಲಿಯಿರುವ ಕೇಂದ್ರ ಯಾವುದು ಎಂದು ಫೋನ್ ಮೇಲೆ ಫೋನ್ ಮಾಡಿ ಹುಡುಕುವವರು. ಬೌದ್ಧಿಕ ಅಂಗವೈಕಲ್ಯವಿರುವ ನಾಲ್ಕೈದು ಮಂದಿ ಒಟ್ಟಾಗಿ ಬಾಳುವ ಮನೆಗಳಲ್ಲಿ ದಿನಚರಿ ನಡೆಸುವವರು. ಒಂಟಿ ಮುದುಕರ ಮನೆಗೆ ಹೋಗಿ ಆಹಾರ ನೆರವಿನ ಅರ್ಜಿ ತುಂಬಿಕೊಡುವವರು. ಅಮೆರಿಕ ಸರ್ಕಾರದ ಕಾರ್ಮಿಕ ಅಂಕಿಅಂಶಗಳ ಕಚೇರಿ ಇಂಥವರಲ್ಲಿ ಹಲವರನ್ನು ಸಮಾಜ ಮತ್ತು ಮಾನವ ಸೇವಾ ಸಹಾಯಕರು ಎಂಬ ತಲೆಬರಹದಡಿ ಎಣಿಸುತ್ತದೆ. ಅವರೇ ನಾಲ್ಕು ಲಕ್ಷದಷ್ಟಿದ್ದಾರೆ. ಕಷ್ಟದಲ್ಲಿರುವ ಮನುಷ್ಯನಿಗೆ ಸರ್ಕಾರ, ಆಸ್ಪತ್ರೆ, ಕೋರ್ಟು ಎಂಬ ದೊಡ್ಡ ದೊಡ್ಡ ಯಂತ್ರಗಳ ಪೈಕಿ ಮೊದಲು ಕಾಣುವ ಮುಖ ಸಾಮಾನ್ಯವಾಗಿ ಇವರದೇ.

ಇವರಲ್ಲಿ ಬಹಳಷ್ಟು ಮಂದಿ ಓದುವ ಕಮ್ಯುನಿಟಿ ಕಾಲೇಜು ಎಂಬ ಸಂಸ್ಥೆಗೆ ನೂರಿಪ್ಪತ್ತು ವರ್ಷ ದಾಟಿದೆ. ಷಿಕಾಗೋ ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್ ಮತ್ತು ಜೋಲಿಯೆಟ್ ಊರಿನ ಪ್ರೌಢಶಾಲೆಯ ಮೇಲ್ವಿಚಾರಕ ಜೆ. ಸ್ಟ್ಯಾನ್ಲಿ ಬ್ರೌನ್ ಸೇರಿ 1901ರಲ್ಲಿ ಇಲಿನಾಯ್ ರಾಜ್ಯದಲ್ಲಿ ಈ ಬಗೆಯ ಮೊದಲ ಸಾರ್ವಜನಿಕ ಕಾಲೇಜನ್ನು ಶುರು ಮಾಡಿದಾಗ ಅಲ್ಲಿ ಇದ್ದ ವಿದ್ಯಾರ್ಥಿಗಳು ಆರು ಮಂದಿ. ಎರಡನೇ ಮಹಾಯುದ್ಧ ಮುಗಿದು ಸೈನಿಕರು ಮನೆಗೆ ಮರಳಿದ ಮೇಲೆ, 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗದ ವರದಿ ಊರೂರಿಗೂ ಇಂಥ ಕಾಲೇಜು ಬೇಕೆಂದಿತು. ‘ಕಮ್ಯುನಿಟಿ ಕಾಲೇಜು’ ಎಂಬ ಹೆಸರು ಬಳಕೆಗೆ ಬಂದದ್ದು ಮುಖ್ಯವಾಗಿ ಆ ವರದಿಯಿಂದ. ಈಗ ದೇಶದಲ್ಲಿ ಇವು ಸುಮಾರು ಒಂದು ಸಾವಿರ. ಕ್ಯಾಲಿಫೋರ್ನಿಯಾ ಒಂದರಲ್ಲೇ 116. ಬಾಗಿಲಲ್ಲಿ ಅಂಕಪಟ್ಟಿ ನೋಡಿ ಸೋಸುವುದಿಲ್ಲ, ಪ್ರೌಢಶಾಲೆ ಮುಗಿಸಿದ್ದರೆ ಸಾಕು. ತರಗತಿಗಳು ಸಂಜೆಯೂ ಇರುತ್ತವೆ. ವಿದ್ಯಾರ್ಥಿಗಳ ಸರಾಸರಿ ವಯಸ್ಸು ಇಪ್ಪತ್ತೇಳು ಇಪ್ಪತ್ತೆಂಟರ ಆಸುಪಾಸು, ಅಂದರೆ ಹಗಲು ಅಂಗಡಿಯಲ್ಲಿ ಗಲ್ಲಾ ನೋಡಿಕೊಂಡು ಸಂಜೆ ಪುಸ್ತಕ ಹಿಡಿಯುವವರು, ಮಗುವನ್ನು ಅಮ್ಮನ ಕೈಗೊಪ್ಪಿಸಿ ಬರುವವರು ಅಲ್ಲಿ ವಿಶೇಷವಲ್ಲ. 2023–24ರಲ್ಲಿ ಕಮ್ಯುನಿಟಿ ಕಾಲೇಜಿನ ವಾರ್ಷಿಕ ಬೋಧನಾ ಶುಲ್ಕ ಸರಾಸರಿ 4 ಸಾವಿರ ಡಾಲರಿನಷ್ಟಿತ್ತು. ಅದೇ ರಾಜ್ಯದ ವಿದ್ಯಾರ್ಥಿಗೆ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ 11 ಸಾವಿರ, ಖಾಸಗಿ ವಿಶ್ವವಿದ್ಯಾಲಯದಲ್ಲಿ 41 ಸಾವಿರ ದಾಟುತ್ತಿತ್ತು. ಕೊನೆಯ ಸಂಖ್ಯೆಯನ್ನು ನೆನಪಿನಲ್ಲಿಟ್ಟುಕೊಳ್ಳಿ, ಅದು ಮತ್ತೆ ಬರುತ್ತದೆ.

ಊರ ಕಾಲೇಜಿಗೂ ನೆರವಿನ ಕಸುಬಿಗೂ ನಂಟು ಬೆಳೆದದ್ದು 1960ರ ದಶಕದಲ್ಲಿ, ಅದಕ್ಕೆ ಕಾರಣವಾದದ್ದು ಮಾನಸಿಕ ಆಸ್ಪತ್ರೆಗಳು. 1955ರಲ್ಲಿ ಅಮೆರಿಕದ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಜನರಿದ್ದರು; ಅವರಲ್ಲಿ ಎಷ್ಟೋ ಮಂದಿ ಒಳಹೋದವರು ಹೊರಬಂದಿರಲಿಲ್ಲ. ಆ ವೇಳೆಗೆ ಮನೋರೋಗದ ಲಕ್ಷಣಗಳನ್ನು ತಗ್ಗಿಸುವ ಕ್ಲೋರ್‌ಪ್ರೊಮಜೀನ್ ಎಂಬ ಔಷಧಿ ಬಳಕೆಗೆ ಬಂದಿತ್ತು. 1963ರ ಅಕ್ಟೋಬರ್ 31ರಂದು ಅಧ್ಯಕ್ಷ ಕೆನಡಿ ಸಮುದಾಯ ಮಾನಸಿಕ ಆರೋಗ್ಯ ಕಾಯ್ದೆಗೆ ಸಹಿ ಹಾಕಿದರು. ರೋಗಿಗಳನ್ನು ಮನೆಗೆ ಕಳಿಸಿ, ಊರಲ್ಲೇ ಕೇಂದ್ರ ತೆರೆದು ನೋಡಿಕೊಳ್ಳುವುದು ಅದರ ಉದ್ದೇಶ. 1980ರ ಹೊತ್ತಿಗೆ ಆಸ್ಪತ್ರೆಗಳಲ್ಲಿ ಉಳಿದವರು ಒಂದೂವರೆ ಲಕ್ಷಕ್ಕಿಂತ ಕಡಿಮೆ. ಆದರೆ ಯೋಜಿಸಿದ್ದ ಒಂದೂವರೆ ಸಾವಿರ ಕೇಂದ್ರಗಳಲ್ಲಿ ಮೇಲೆದ್ದದ್ದು ಅರ್ಧದಷ್ಟು ಮಾತ್ರ. ಇಪ್ಪತ್ತು ವರ್ಷ ಗೋಡೆಯೊಳಗೆ ಇದ್ದ ಮನುಷ್ಯನಿಗೆ ಊರಿನಲ್ಲಿ ಬೇಕಾದದ್ದು ಮನೋವೈದ್ಯರೊಬ್ಬರೇ ಅಲ್ಲ. ಬಾಡಿಗೆ ಕೋಣೆ ಬೇಕು, ಬಸ್ ಹತ್ತುವುದು ನೆನಪಾಗಬೇಕು, ಮಾತ್ರೆ ಮುಗಿದದ್ದನ್ನು ಯಾರಾದರೂ ಗಮನಿಸಬೇಕು. ಈ ಕೆಲಸಗಳಿಗೆ ಜನ ಎಲ್ಲಿದ್ದರು? ಇಂಡಿಯಾನಾ ರಾಜ್ಯದ ಫೋರ್ಟ್ ವೇನ್‌ನಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯ 1960ರ ದಶಕದ ನಡುವಿನಲ್ಲಿ ಇದಕ್ಕೆಂದೇ ಎರಡು ವರ್ಷದ ಪದವಿಯ ಮೊದಲ ಪ್ರಯೋಗ ಮಾಡಿತು. ದಕ್ಷಿಣದ ರಾಜ್ಯಗಳು ಕೂಡಿ ಕಟ್ಟಿದ್ದ ಶಿಕ್ಷಣ ಮಂಡಳಿಯೊಂದು ಈ ಕೆಲಸಗಾರರು ಮಾಡಬೇಕಾದದ್ದೇನು ಎಂದು ಕೂತು ಪಟ್ಟಿ ಮಾಡಿತು. ಹದಿಮೂರು ಪಾತ್ರಗಳು ಸಿಕ್ಕವು: ಮನೆಬಾಗಿಲಿಗೆ ಹೋಗುವವರು, ಕಲಿಸುವವರು, ಪರವಾಗಿ ವಾದಿಸುವವರು, ಆರೈಕೆ ಮಾಡುವವರು, ಮಾಹಿತಿ ದಾಖಲಿಸುವವರು, ಹೀಗೆ. ಅದರಲ್ಲೊಂದು ದಲ್ಲಾಳಿಯ ಪಾತ್ರ. ಕನ್ನಡದಲ್ಲಿ ದಲ್ಲಾಳಿಗೆ ಒಳ್ಳೆಯ ಹೆಸರಿಲ್ಲ, ಬಿಡಿ. ಆದರೆ ಬೇಕಾದವನಿಗೂ ಬೇಕಾದದ್ದಕ್ಕೂ ಗಂಟು ಹಾಕಿಸುವ ಆ ಕೆಲಸವೇ ಈ ಕಸುಬಿನ ನಡುಗಂಬ ಎಂದು ನನಗನ್ನಿಸುತ್ತದೆ.

ಈ ದಲ್ಲಾಳಿ ಕೆಲಸಕ್ಕೆ ಹಳೆಯದೊಂದು ಅವಮಾನವೂ ಇದೆ. ಅಮೆರಿಕದ ವೈದ್ಯಕೀಯ ಶಿಕ್ಷಣವನ್ನು ಜಾಲಾಡಿಸಿ ಹೆಸರಾಗಿದ್ದ ಅಬ್ರಹಾಂ ಫ್ಲೆಕ್ಸ್‌ನರ್ 1915ರಲ್ಲಿ ಬಾಲ್ಟಿಮೋರ್‌ನಲ್ಲಿ ಒಂದು ಭಾಷಣ ಮಾಡಿದರು. ಸಮಾಜಕಾರ್ಯ ಒಂದು ವೃತ್ತಿಯೇ ಎಂಬುದು ಅವರ ಪ್ರಶ್ನೆ, ಅಲ್ಲ ಎಂಬುದು ಅವರ ಉತ್ತರ. ಸಮಾಜಕಾರ್ಯಕರ್ತರು ವೈದ್ಯರನ್ನೋ ವಕೀಲರನ್ನೋ ಕರೆತಂದು ಕೂಡಿಸುವ ಮಧ್ಯಸ್ಥರು, ಅವರಿಗೇ ಆದ ವಿದ್ಯೆ ಇಲ್ಲ ಎಂದು ಅವರು ಕಾರಣ ಕೊಟ್ಟರು. ಆ ಮಾತು ಸಮಾಜಕಾರ್ಯದವರಿಗೆ ಮುಳ್ಳಿನಂತೆ ಚುಚ್ಚಿತು. ಮುಂದಿನ ಅರ್ಧ ಶತಮಾನ ಅವರು ತಮಗೂ ಒಂದು ಶಾಸ್ತ್ರವಿದೆ ಎಂದು ತೋರಿಸಲು ಹೆಣಗಿದರು. ಸ್ನಾತಕೋತ್ತರ ಪದವಿ, ನೂರಾರು ಗಂಟೆಗಳ ಕ್ಷೇತ್ರಕಾರ್ಯ, ಪರೀಕ್ಷೆ, ಪರವಾನಗಿ ಎಂದು ಏಣಿಯನ್ನು ಎತ್ತರಿಸುತ್ತ ಹೋದರು. ಅದರಿಂದ ಆದ ಒಳ್ಳೆಯದನ್ನು ಅಲ್ಲಗಳೆಯಲಾರೆ. ಆದರೆ ಅವರು ಮೇಲೆ ಹೋದ ಹಾಗೆ ಕೆಳಗೆ ಒಂದು ಜಾಗ ತೆರವಾಯಿತು. ಫ್ಲೆಕ್ಸ್‌ನರ್ ಹಗುರಮಾಡಿದ ಆ ಮಧ್ಯಸ್ಥಿಕೆಯ ಕೆಲಸವನ್ನೇ ಎರಡು ವರ್ಷದ ಓದು ತನ್ನದಾಗಿಸಿಕೊಂಡಿತು, ಅದನ್ನೂ ಕ್ರಮವಾಗಿ ಕಲಿಸಬಹುದು ಎಂದಿತು.

ಏನು ಕಲಿಸುತ್ತಾರೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಯಾಕೆಂದರೆ ವಾದದ ಜೀವ ಅಲ್ಲಿದೆ. ಬರವಣಿಗೆಯನ್ನೇ ತೆಗೆದುಕೊಳ್ಳಿ. ಪ್ರತಿ ಭೇಟಿಯ ನಂತರ ಕೆಲಸಗಾರರು ಕೇಸಿನ ಟಿಪ್ಪಣಿ ಬರೆಯಬೇಕು. ಹೊಸ ವಿದ್ಯಾರ್ಥಿ ಸಾಮಾನ್ಯವಾಗಿ ಬರೆಯುವುದು ಹೀಗೆ: ‘ಇವತ್ತು ಆಕೆ ಕುಡಿದು ಬಂದಿದ್ದಳು, ಒರಟಾಗಿ ವರ್ತಿಸಿದಳು.’ ಪಾಠ ಶುರುವಾಗುವುದೇ ಈ ಸಾಲಿನ ಮೇಲೆ ಕೆಂಪು ಗೆರೆ ಎಳೆಯುವುದರಿಂದ. ಕುಡಿದದ್ದನ್ನು ನೀನು ಕಂಡೆಯಾ? ಕಂಡದ್ದು ಏನು, ಕೇಳಿದ್ದು ಏನು? ತಿದ್ದಿದ ಟಿಪ್ಪಣಿ ಹೀಗಿರುತ್ತದೆ: ‘ಉಸಿರಿನಲ್ಲಿ ವಾಸನೆ ಇತ್ತು. ಮೂರು ಸಲ ಕುರ್ಚಿಯಿಂದ ಎದ್ದರು. ನನ್ನ ಮಗು ಎಲ್ಲಿ ಎಂದು ಎರಡು ಸಲ ದನಿ ಎತ್ತಿ ಕೇಳಿದರು.’ ಸಕ್ಕರೆ ಕಾಯಿಲೆ ವಿಕೋಪಕ್ಕೆ ಹೋದವರ ಉಸಿರಿನಲ್ಲೂ ಮದ್ಯವೆಂದು ಭ್ರಮೆ ಹುಟ್ಟಿಸುವ ವಾಸನೆ ಬರುವುದುಂಟು. ಮೊದಲ ಟಿಪ್ಪಣಿ ಕೌಟುಂಬಿಕ ನ್ಯಾಯಾಲಯಕ್ಕೆ ಹೋದರೆ ತಾಯಿಗೆ ಮಗು ಕೈತಪ್ಪಬಹುದು. ಎರಡನೆಯದು ಹೋದರೆ ಆಕೆಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಿತ್ತಲ್ಲ ಎಂದು ಯಾರಿಗಾದರೂ ಹೊಳೆಯಬಹುದು. ಮೊದಲನೆಯದನ್ನು ಬರೆದ ಹುಡುಗ ಕೆಟ್ಟವನಲ್ಲ. ಅವನಿಗೆ ಮನಸ್ಸಿತ್ತು, ಅಭ್ಯಾಸ ಇರಲಿಲ್ಲ.

ಪ್ರಶ್ನೆ ಕೇಳುವುದೂ ಹಾಗೆಯೇ. ‘ಯಾಕಮ್ಮಾ ಮಾತ್ರೆ ತಗೊಳ್ಲಿಲ್ಲ?’ ಎಂದರೆ ಎದುರಿಗಿರುವವರು ಅಪರಾಧಿಯ ಸ್ಥಾನಕ್ಕೆ ಹೋಗಿಬಿಡುತ್ತಾರೆ, ಒಂದು ನೆಪ ಹೇಳಿ ಮಾತು ಮುಗಿಸುತ್ತಾರೆ. ‘ಮಾತ್ರೆ ತಗೊಳ್ಳೋಕೆ ಏನು ಅಡ್ಡಿ ಆಯ್ತು?’ ಎಂದರೆ, ಬೆಳಿಗ್ಗೆಯ ಪಾಳಿಯಲ್ಲಿ ನಿದ್ದೆ ತೂಗುತ್ತದೆ, ಸಾಹುಕಾರ ಬೈತಾನೆ ಎಂಬ ನಿಜ ಹೊರಬರಬಹುದು. ಎರಡು ವಾಕ್ಯಗಳ ನಡುವೆ ಇರುವುದು ಮೂರು ನಾಲ್ಕು ಪದಗಳ ವ್ಯತ್ಯಾಸ. ತರಗತಿಯಲ್ಲಿ ಇದನ್ನು ಜೋಡಿಯಾಗಿ ಕೂಡಿಸಿ, ಒಬ್ಬರನ್ನು ಕಷ್ಟದಲ್ಲಿರುವವರನ್ನಾಗಿ ಮಾಡಿ, ಆಡಿಸಿ ಆಡಿಸಿ ಕಲಿಸುತ್ತಾರೆ. ಎದುರಿನವರು ಸುಮ್ಮನಾದಾಗ ತಾನೂ ಸುಮ್ಮನಿರುವುದನ್ನು ಕಲಿಸುತ್ತಾರೆ, ಅದಂತೂ ಮಾತುಗಾರರಿಗೆ ಬಲು ಕಷ್ಟದ ಪಾಠ. ಇನ್ನೊಂದು ಕಡೆಗೆ ಕಳಿಸುವುದೂ ಒಂದು ಕೈಚಳಕ. ಫೋನ್ ನಂಬರ್ ಬರೆದ ಚೀಟಿ ಕೈಗಿಟ್ಟು ಕಳಿಸಿದರೆ ಆ ಚೀಟಿ ಜೇಬಿನಲ್ಲೇ ಹಣ್ಣಾಗುತ್ತದೆ. ಅವರೆದುರೇ ಫೋನ್ ಮಾಡಿ, ಅಲ್ಲಿ ಯಾರನ್ನು ಕೇಳಬೇಕು, ಯಾವ ಕಾಗದ ಒಯ್ಯಬೇಕು, ಯಾವ ಬಸ್ಸು ಎಂದು ತಿಳಿಸಿ, ಮರುದಿನ ಹೋದಿರಾ ಎಂದು ವಿಚಾರಿಸುವ ತನಕ ಆ ಕೆಲಸ ಮುಗಿದಿಲ್ಲ. ಕೈಸಾಲ ಕೊಡಬಾರದು, ಸ್ವಂತ ಮನೆಗೆ ಕರೆಯಬಾರದು, ಉಡುಗೊರೆ ತೆಗೆದುಕೊಳ್ಳಬಾರದು ಎಂಬ ಕಟ್ಟುಪಾಡುಗಳೂ ಪಾಠದಲ್ಲಿವೆ. ನಮ್ಮ ಕಣ್ಣಿಗೆ ಇವು ಕಲ್ಲೆದೆಯ ನಿಯಮಗಳಂತೆ ಕಾಣಬಹುದು. ಸಾಲ ಕೊಟ್ಟವನೆದುರು ಸಾಲಗಾರ ಸತ್ಯ ಹೇಳುವುದಿಲ್ಲ ಎಂಬ ಸರಳ ತಿಳಿವಳಿಕೆ ಅವುಗಳ ಹಿಂದಿದೆ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಲೂ ಬಾರದು. ಮಗುವಿನ ಮೇಲೆ ದೌರ್ಜನ್ಯ ನಡೆದಿದ್ದರೆ ಅಧಿಕಾರಿಗಳಿಗೆ ತಿಳಿಸುವುದು ಕಾನೂನಿನ ಹೊಣೆ.

ಇದೆಲ್ಲ ತರಗತಿಯಲ್ಲೇ ಮುಗಿಯುವುದೂ ಇಲ್ಲ. ಈ ಓದಿಗೆ ಮಟ್ಟ ಗೊತ್ತುಮಾಡಲು 1979ರಲ್ಲಿ ಹುಟ್ಟಿದ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಬೇಕಾದರೆ ಎರಡು ವರ್ಷದ ಪದವಿಯಲ್ಲೂ ಕನಿಷ್ಠ 250 ಗಂಟೆ ನಿಜವಾದ ಸಂಸ್ಥೆಯೊಂದರಲ್ಲಿ, ಅನುಭವಿಗಳ ಕಣ್ಣಳತೆಯಲ್ಲಿ ಕೆಲಸ ಮಾಡಿರಬೇಕು. ಬಡಗಿಯ ಮಗ ಉಳಿ ಹಿಡಿಯುವುದನ್ನು ಕಲಿಯುವ ರೀತಿಯೇ ಇದು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಅರೆಬೆಂದ ವಿದ್ಯೆ ಅಪಾಯವಲ್ಲವೇ? ಎರಡು ವರ್ಷ ಓದಿದವರ ಕೈಗೆ ಮನುಷ್ಯನ ಮನಸ್ಸನ್ನು ಕೊಡಬಹುದೇ? ಈ ಪ್ರಶ್ನೆಯನ್ನು ಅಳೆದು ನೋಡಿದವರಿದ್ದಾರೆ. ಜೋಸೆಫ್ ಡರ್ಲಾಕ್ ಎಂಬ ಮನಶ್ಶಾಸ್ತ್ರಜ್ಞ 1979ರಲ್ಲಿ 42 ಅಧ್ಯಯನಗಳನ್ನು ಒಟ್ಟಿಗಿಟ್ಟು, ದೊಡ್ಡ ಪದವಿಯ ತಜ್ಞರು ಮತ್ತು ಅಷ್ಟು ಓದಿಲ್ಲದ ತರಬೇತಿ ಪಡೆದ ನೆರವುಗಾರರು ಕೊಟ್ಟ ಫಲವನ್ನು ಹೋಲಿಸಿದರು. ಒಟ್ಟಾರೆ ನೆರವುಗಾರರ ಫಲ ತಜ್ಞರದಕ್ಕೆ ಸಮನಾಗಿತ್ತು, ಕೆಲವೆಡೆ ಮೇಲಾಗಿಯೂ ಇತ್ತು. ಗದ್ದಲವಾಯಿತು. ಆ ಅಧ್ಯಯನಗಳಲ್ಲಿ ಹಲವು ಸಡಿಲವಾಗಿ ನಡೆದವು ಎಂದು ಎರಡೇ ವರ್ಷದಲ್ಲಿ ವಿಮರ್ಶಕರು ತೋರಿಸಿದರು. ಆ ಟೀಕೆಯಲ್ಲಿ ಹುರುಳಿದೆ. ಆದ್ದರಿಂದ ಡರ್ಲಾಕ್ ಒಬ್ಬರನ್ನೇ ನೆಚ್ಚಬೇಕಾಗಿಲ್ಲ, ನಮ್ಮ ಪಕ್ಕದ ಗೋವಾಕ್ಕೆ ಬನ್ನಿ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಅಲ್ಲಿ ನಡೆಸಿ 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವೈದ್ಯಕೀಯದ ಹಿನ್ನೆಲೆಯೇ ಇಲ್ಲದ ಸ್ಥಳೀಯರಿಗೆ ಎರಡು ತಿಂಗಳ ತರಬೇತಿ ಕೊಟ್ಟು ಆಪ್ತಸಮಾಲೋಚಕರನ್ನಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೂಡಿಸಿದರು. ಖಿನ್ನತೆ, ಆತಂಕದಿಂದ ಬಳಲುತ್ತಿದ್ದವರಲ್ಲಿ, ಇಂಥ ನೆರವು ಇದ್ದ ಸರ್ಕಾರಿ ಕೇಂದ್ರಗಳಲ್ಲಿ ಆರು ತಿಂಗಳ ಹೊತ್ತಿಗೆ ನೂರಕ್ಕೆ 66ರಷ್ಟು ಮಂದಿ ಚೇತರಿಸಿಕೊಂಡಿದ್ದರು. ನೆರವಿಲ್ಲದ ಕೇಂದ್ರಗಳಲ್ಲಿ 42ರ ಆಸುಪಾಸು. ಖಾಸಗಿ ವೈದ್ಯರ ಚಿಕಿತ್ಸಾಲಯಗಳಲ್ಲಿ ಈ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಮತ್ತು ಅಲ್ಲಿ ಮನೋವೈದ್ಯರು ಹಿಂದೆ ನಿಂತಿದ್ದರು, ಕೈಮೀರಿದ ರೋಗಿ ಅವರ ಬಳಿಗೆ ಹೋಗುತ್ತಿದ್ದ. ಅಂದರೆ ಅಪಾಯ ಇರುವುದು ಕಡಿಮೆ ವರ್ಷಗಳ ಓದಿನಲ್ಲಿ ಎನ್ನುವುದಕ್ಕಿಂತ, ತನ್ನ ಓದು ಎಲ್ಲಿಗೆ ಮುಗಿಯುತ್ತದೆ ಎಂದು ತಿಳಿಯದವನಲ್ಲಿ, ಅವನ ಹಿಂದೆ ಯಾರೂ ನಿಲ್ಲದಿರುವುದರಲ್ಲಿ.

ಎರಡನೆಯ ಆಕ್ಷೇಪ ಇದಕ್ಕಿಂತ ಮೊನಚು. ಬಡವರಿಗೆ ಎರಡು ವರ್ಷದ ಓದಿನ ನೆರವುಗಾರ, ಉಳ್ಳವರಿಗೆ ಎಂಟು ವರ್ಷ ಓದಿದ ತಜ್ಞ. ಇದು ಎರಡನೇ ದರ್ಜೆಯ ಸಾಮಾನನ್ನು ಬಡವರ ಬೀದಿಗೆ ಸಾಗಿಸುವ ಜಾಣತನವಲ್ಲವೇ? ಇನ್ನೂ ಮುಂದೆ ಹೋಗಿ, ಬಡ ವಿದ್ಯಾರ್ಥಿಯ ದೊಡ್ಡ ಆಸೆಗೆ ಮೆಲ್ಲಗೆ ತಣ್ಣೀರೆರಚಿ ಸಣ್ಣ ಕೆಲಸಕ್ಕೆ ಒಗ್ಗಿಸುವುದೇ ಈ ಕಾಲೇಜುಗಳ ಒಳಗಿನ ಕಾರ್ಯ ಎಂದು ಸಮಾಜಶಾಸ್ತ್ರಜ್ಞ ಬರ್ಟನ್ ಕ್ಲಾರ್ಕ್ 1960ರಲ್ಲೇ ಬರೆದಿದ್ದರು. ಅಂಕಿಗಳು ಅವರ ಪಕ್ಷದಲ್ಲೇ ಇವೆ. ಕಮ್ಯುನಿಟಿ ಕಾಲೇಜು ಸೇರುವವರಲ್ಲಿ ಹೆಚ್ಚಿನವರಿಗೆ ಮುಂದೆ ನಾಲ್ಕು ವರ್ಷದ ಪದವಿ ಮಾಡುವ ಆಸೆ; ವಿಶ್ವವಿದ್ಯಾಲಯಕ್ಕೆ ದಾಟುವವರು ಮೂರನೇ ಒಂದು ಭಾಗ; ಆರು ವರ್ಷದೊಳಗೆ ಆ ಪದವಿ ಕೈಗೆ ಸಿಗುವುದು ನೂರಕ್ಕೆ 16 ಮಂದಿಗೆ. ಇದನ್ನು ಮುಚ್ಚಿಟ್ಟು ಈ ಓದನ್ನು ಹೊಗಳುವವರನ್ನು ನಾನು ನಂಬಲಾರೆ. ಆದರೂ ಆಕ್ಷೇಪದ ಮೊದಲರ್ಧವನ್ನು ಒಪ್ಪಲಾರೆ. ನೆರೆಹೊರೆಯವರೇ ನೆರವುಗಾರರಾದರೆ ಅದು ಕೆಳದರ್ಜೆಯ ನೆರವು ಎಂದು ಯಾರು ಹೇಳಿದರು? ಆರ್ಥರ್ ಪರ್ಲ್ ಮತ್ತು ಫ್ರ್ಯಾಂಕ್ ರೀಸ್‌ಮನ್ 1965ರಲ್ಲಿ ಬರೆದ ಪುಸ್ತಕವೊಂದು ಇದನ್ನೇ ಎತ್ತಿ ಹಿಡಿಯಿತು: ಬಡವರನ್ನು ನೆರವು ಪಡೆಯುವವರ ಸಾಲಿನಿಂದ ಎಬ್ಬಿಸಿ ನೆರವು ಕೊಡುವ ನೌಕರರನ್ನಾಗಿ ಮಾಡಿ, ಕೆಲಸ ಮೊದಲು ಕೊಡಿ, ಕಲಿಕೆ ಅದರ ಜೊತೆಗೇ ಸಾಗಲಿ. ಕೊಡುವವನಿಗೂ ಕೊಡುವುದರಿಂದಲೇ ಗುಣವಾಗುತ್ತದೆ ಎಂಬ ರೀಸ್‌ಮನ್ನರ ಇನ್ನೊಂದು ಮಾತೂ ಆ ವರ್ಷದ್ದೇ. ಭಾಷೆಯ ಪ್ರಶ್ನೆಯನ್ನೇ ನೋಡಿ. ಮಕ್ಕಳ ಮನೆಯಲ್ಲಿ ನೆಲೆಸಲೆಂದು ಅಮೆರಿಕಕ್ಕೆ ಹೋದ ಹಾಸನದ ಅಜ್ಜಿಗೆ ‘ಎದೆಯಲ್ಲಿ ಏನೋ ಸಂಕಟ’ ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಳಲು ಬಾರದು; ಆ ಸಂಕಟ ಹೃದಯದ್ದೋ ಒಂಟಿತನದ್ದೋ ಎಂದು ಮೊದಲು ಊಹಿಸುವವಳು ಕನ್ನಡ ಬಲ್ಲ ನೆರವುಗಾತಿ, ಆಮೇಲೆ ತಜ್ಞರು.

ಆದರೆ ಏಣಿಯ ಪ್ರಶ್ನೆ ಉಳಿಯುತ್ತದೆ, ಅದಕ್ಕೆ ನ್ಯೂಯಾರ್ಕಿನ ದಕ್ಷಿಣ ಬ್ರಾಂಕ್ಸ್‌ನ ಒಂದು ಪ್ರಸಂಗ ಸಾಕ್ಷಿ. ಅಲ್ಲಿನ ಲಿಂಕನ್ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗ 1960ರ ದಶಕದ ನಡುವಿನಲ್ಲಿ ಬೀದಿಬದಿಯ ಅಂಗಡಿ ಮಳಿಗೆಗಳಲ್ಲಿ ನೆರೆಹೊರೆ ಕೇಂದ್ರಗಳನ್ನು ತೆರೆದು, ಅದೇ ಬೀದಿಯ ಕರಿಯರನ್ನೂ ಪೋರ್ಟೊರಿಕೊ ಮೂಲದವರನ್ನೂ ನೆರವುಗಾರರನ್ನಾಗಿ ನೇಮಿಸಿತ್ತು. ದೇಶವೆಲ್ಲ ಅದನ್ನು ಮಾದರಿ ಎಂದಿತು. ಮನೋವೈದ್ಯರ ಬಾಗಿಲಿಗೆ ಎಂದೂ ಬರದಿದ್ದ ಜನ ಬಾಡಿಗೆ ಜಗಳ, ವಿದ್ಯುತ್ ಬಿಲ್ಲು ಎಂದು ನೆಪ ಹಿಡಿದು ಆ ಮಳಿಗೆಗಳಿಗೆ ಬಂದರು. 1969ರ ಮಾರ್ಚ್‌ನಲ್ಲಿ ಅದೇ ನೆರವುಗಾರರು ಆ ವಿಭಾಗವನ್ನೇ ತಮ್ಮ ವಶಕ್ಕೆ ತೆಗೆದುಕೊಂಡರು. ಕೆಲಸ ಕೊಟ್ಟಿರಿ, ಮೇಲೇರುವ ದಾರಿ ಎಲ್ಲಿ, ತೀರ್ಮಾನದಲ್ಲಿ ನಮ್ಮ ಪಾಲೆಲ್ಲಿ ಎಂಬುದು ಅವರ ಅಸಮಾಧಾನ. ಆ ದಂಗೆಯನ್ನು ಹಲವರು ಪ್ರಯೋಗದ ಸೋಲೆಂದು ಬರೆದರು. ನನಗೆ ಹಾಗೆ ಕಾಣುವುದಿಲ್ಲ. ಕಸುಬು ಕಲಿತವರು ಕಸುಬುದಾರರ ಹಕ್ಕು ಕೇಳಿದರು, ಅಷ್ಟೇ. ಕಮ್ಯುನಿಟಿ ಕಾಲೇಜಿನ ಪದವಿ ಒಂದು ಮಟ್ಟಿಗೆ ಆ ಏಣಿಯ ಮೊದಲ ಮೆಟ್ಟಿಲಾಯಿತು. ಒಂದು ಸಂಸ್ಥೆ ಕೊಟ್ಟ ತರಬೇತಿ ಆ ಸಂಸ್ಥೆಯ ಹೊಸಿಲು ದಾಟಿದರೆ ಬೆಲೆ ಕಳೆದುಕೊಳ್ಳುತ್ತದೆ, ಪದವಿ ಹಾಗಲ್ಲ, ಅದು ಅವರ ಜೊತೆ ಊರು ಬಿಟ್ಟು ಊರಿಗೆ ಹೋಗುತ್ತದೆ.

ಈಗ ಕೂಲಿಯ ಮಾತು. 2023ರಲ್ಲಿ ಈ ಸಹಾಯಕರ ನಡುಮಟ್ಟದ ವಾರ್ಷಿಕ ಸಂಬಳ 41 ಸಾವಿರ ಡಾಲರಿನ ಮೇಲೆ ಚೂರು. ದೇಶದ ಎಲ್ಲ ಉದ್ಯೋಗಗಳ ನಡುಮಟ್ಟ 48 ಸಾವಿರ. ಖಾಸಗಿ ವಿಶ್ವವಿದ್ಯಾಲಯದ ಒಂದು ವರ್ಷದ ಶುಲ್ಕವೂ 41 ಸಾವಿರ ಎಂದಿದ್ದೆನಲ್ಲ. ಒಬ್ಬ ಹುಡುಗನ ಒಂದು ವರ್ಷದ ಬೋಧನಾ ಶುಲ್ಕ ಮತ್ತು ಇನ್ನೊಬ್ಬರ ಒಂದು ವರ್ಷದ ದುಡಿಮೆ ತಕ್ಕಡಿಯಲ್ಲಿ ಸಮನಾಗಿ ತೂಗುತ್ತವೆ. ಸಂಬಳ ಸಾಲದೆ ಜನ ಬಿಟ್ಟುಹೋಗುತ್ತಾರೆ, ಅವರ ಪಾಲಿನ ಕೇಸುಗಳು ಉಳಿದವರ ಹೆಗಲಿಗೆ ಬೀಳುತ್ತವೆ, ಅವರೂ ಬಸವಳಿಯುತ್ತಾರೆ. ನೆರವು ಬೇಕಾದವನು ತನ್ನ ಕತೆಯನ್ನು ಆರು ತಿಂಗಳಿಗೊಮ್ಮೆ ಹೊಸ ಮುಖದೆದುರು ಮೊದಲಿನಿಂದ ಹೇಳಬೇಕಾಗುತ್ತದೆ. ಹಣಕ್ಕಾಗಿ ಬಂದವರು ಒಳ್ಳೆಯ ನೆರವುಗಾರರಾಗುವುದಿಲ್ಲ, ಸಂಬಳ ಕಡಿಮೆಯಿದ್ದರೆ ಮನಸ್ಸಿದ್ದವರೇ ಬರುತ್ತಾರೆ ಎಂದು ವಾದಿಸುವವರು ಅಲ್ಲೂ ಇದ್ದಾರೆ, ಇಲ್ಲೂ ಇದ್ದಾರೆ. ಅದೇ ತರ್ಕವನ್ನು ಹೃದಯದ ಶಸ್ತ್ರಚಿಕಿತ್ಸಕರಿಗೆ ಹೇಳಿದ್ದನ್ನು ನಾನಂತೂ ಕೇಳಿಲ್ಲ. ಹೆಂಗಸರು ಹೆಚ್ಚಾಗಿ ಮಾಡುವ ಕೆಲಸಕ್ಕೆ ಮಾತ್ರ ನಮಗೆ ಪ್ರೀತಿಯೇ ಸಂಬಳ ಎಂಬುದು ನೆನಪಾಗುತ್ತದೆ.

ಇದೆಲ್ಲ ಕುಟುಂಬ ಒಡೆದುಹೋದ ದೇಶದ ಕತೆ, ನಮ್ಮಲ್ಲಿ ಅಕ್ಕ ಭಾವ, ಚಿಕ್ಕಪ್ಪ ದೊಡ್ಡಪ್ಪ ಇದ್ದಾರೆ ಎಂದು ಕೆಲವು ಕೇಳುಗರಿಗೆ ಅನ್ನಿಸಬಹುದು. ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಕಾಯಿಲೆಯಿಂದ ಕಾಯಿಲೆಗೆ ವ್ಯತ್ಯಾಸವಿದ್ದರೂ, ಚಿಕಿತ್ಸೆ ಬೇಕಾದವರಲ್ಲಿ ನೂರಕ್ಕೆ 70ರಿಂದ 92 ಮಂದಿಗೆ ಅದು ಸಿಗುತ್ತಿರಲಿಲ್ಲ. ಅವರಲ್ಲಿ ಹೆಚ್ಚಿನವರು ಕುಟುಂಬದ ನಡುವೆಯೇ ಇದ್ದವರು. ನೋಡಿಕೊಳ್ಳುವ ಸೊಸೆಗೂ ಒಬ್ಬರು ನೆರವುಗಾರರು ಬೇಕು ಎಂಬುದು ಆ ಅಂಕಿಯ ಒಳಗಿದೆ. ನಿಜ ಹೇಳಬೇಕೆಂದರೆ ಈ ದಾರಿಯಲ್ಲಿ ಕರ್ನಾಟಕ ಯಾರಿಗಿಂತಲೂ ಹಿಂದಿರಲಿಲ್ಲ. 1970ರ ದಶಕದಲ್ಲಿ ನಿಮ್ಹಾನ್ಸ್ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸಲು ಕಲಿಸಿತು, 80ರ ದಶಕದಲ್ಲಿ ಅದನ್ನು ಬಳ್ಳಾರಿ ಜಿಲ್ಲೆಗೆ ಹಬ್ಬಿಸಿತು. 1996ರ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. 1975ರಲ್ಲಿ ದೇಶದ 33 ಕಡೆ ಅಂಗನವಾಡಿ ಯೋಜನೆ ಶುರುವಾದಾಗ ಅದರಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರವೂ ಇತ್ತು. 2005ರ ನಂತರ ಆಶಾ ಕಾರ್ಯಕರ್ತೆಯರು ಬಂದರು. ಊರಿನವರೇ ಊರಿಗೆ ಆಗಬೇಕು ಎಂಬ ಪರ್ಲ್ ಮತ್ತು ರೀಸ್‌ಮನ್ನರ ವಾದವನ್ನು ಆ ಹೆಸರುಗಳನ್ನೇ ಕೇಳದೆ ನಮ್ಮ ಹೆಣ್ಣುಮಕ್ಕಳು ನಡೆಸಿ ತೋರಿಸಿದ್ದಾರೆ. ನಮ್ಮಲ್ಲಿ ಸೊರಗಿರುವುದು ಏಣಿಯ ನಡುವಿನ ಮೆಟ್ಟಿಲು. ಒಂದು ಕಡೆ ಕೆಲವೇ ವಾರಗಳ ತರಬೇತಿ ಪಡೆದ ಆಶಾ, ಇನ್ನೊಂದು ಕಡೆ ಪದವಿಯ ಮೇಲೆ ಎರಡು ವರ್ಷ ಸಮಾಜಕಾರ್ಯದ ಸ್ನಾತಕೋತ್ತರ ಓದಾದ ಎಂಎಸ್‌ಡಬ್ಲ್ಯು ಮಾಡಿದವರು. ಹದಿನೈದು ವರ್ಷ ಮನೆಮನೆ ಸುತ್ತಿದ ಆಶಾ ಕಾರ್ಯಕರ್ತೆಯ ಅನುಭವಕ್ಕೆ ಕಾಲೇಜಿನಲ್ಲಿ ಒಂದು ಅಂಕದ ಬೆಲೆಯಾದರೂ ಇದೆಯೇ? ತಾಲ್ಲೂಕಿನ ಸರ್ಕಾರಿ ಕಾಲೇಜಿನಲ್ಲಿ ಸಂಜೆ ಹೊತ್ತು, ಕೆಲಸ ಬಿಡದೆ, ಕನ್ನಡದಲ್ಲೇ ಎರಡು ವರ್ಷ ಓದಿ, ಮುಂದೆ ಬೇಕಾದರೆ ಪದವಿಗೆ ದಾಟಿಕೊಳ್ಳುವ ಒಂದು ಕೋರ್ಸು ಅಸಾಧ್ಯದ ಮಾತೇನಲ್ಲ. ಕಟ್ಟಡ ಇದೆ, ಸಂಜೆ ಅದು ಖಾಲಿಯೇ ಇರುತ್ತದೆ.

ಆದರೆ ಅಮೆರಿಕ ಎಡವಿದ ಕಲ್ಲಿಗೆ ನಾವೂ ಎಡವಬಾರದು. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಗೆ ಮುದುಡಿ ಕೂತು ಕೇಳಿದ್ದು ತಿಂಗಳಿಗೊಂದು ನಿಗದಿತ ಮೊತ್ತವನ್ನು. ಸರ್ಕಾರದ ಕಾಗದಗಳಲ್ಲಿ ಅವರಿಗೆ ಸಿಗುವ ಹಣಕ್ಕೆ ಗೌರವಧನ, ಪ್ರೋತ್ಸಾಹಧನ ಎಂಬ ಹೆಸರುಗಳಿವೆ. ಗೌರವ ಎಂಬ ಮಾತು ಹಣದ ಹಿಂದೆ ಬಂದಾಗಲೆಲ್ಲ ಹಣ ಕಡಿಮೆ ಎಂದೇ ಅರ್ಥ. ಹೊಸ ಕೋರ್ಸು ತೆರೆಯುವುದಕ್ಕೆ ಸಮಿತಿ ಬೇಕು, ಪಠ್ಯಕ್ರಮ ಬೇಕು, ಒಂದೆರಡು ವರ್ಷ ಹಿಡಿಯುತ್ತದೆ. ಅದಕ್ಕೆ ಕಾಯದೆ ಆ ಕಾಗದದಲ್ಲಿ ಈ ವರ್ಷವೇ ‘ಸಂಬಳ’ ಎಂದು ಬರೆಯಿರಿ ಎಂಬುದು ಅಧಿಕಾರದಲ್ಲಿರುವವರಿಗೆ ನನ್ನ ವಿನಂತಿ.